ಔಷಧಕ್ಕೆ ಮೈಲಿಗೆ ಇಲ್ಲ

ನರ್ಸ್ ಲತಾಮಣಿ ಮುಟ್ಟಿದ್ದ ಮಾತ್ರೆಗಳನ್ನೆಲ್ಲ ಶೀಟಿನಿಂದ ಬಿಡಿಸಿ, ವಿಭೂತಿ ಹಚ್ಚಿದ ಬೆಳ್ಳಿ ಡಬ್ಬಿಗೆ ತುಂಬಿದರು. ಹೆಸರು ಬರೆದಿದ್ದ ಕವರುಗಳನ್ನು ಹಂಡೆ ಒಲೆಗೆ ಹಾಕಿದರು. ಕವರಿಗೆ ಪಿನ್ನು ಹೊಡೆದಿದ್ದ ಡಾಕ್ಟರ ಚೀಟಿಯೂ ಅದರ ಜೊತೆಗೇ ಹೋಯಿತು. ಇದು ನಡೆದದ್ದು ಎರಡು ಸಾವಿರದ ಆರನೇ ಇಸವಿ ನವೆಂಬರಿನಲ್ಲಿ, ಅರಸೀಕೆರೆಯ ಕೊಬ್ಬರಿ ವರ್ತಕ ಷಡಕ್ಷರಪ್ಪನವರ ಮನೆಯಲ್ಲಿ. ಅದಾದ ಆರನೆಯ ದಿನ ಷಡಕ್ಷರಪ್ಪನವರ ಹೆಂಡತಿ ಗುರುಸಿದ್ದಮ್ಮ ಹಡಗಿನ ಮೇಲೆ ತೀರಿಕೊಂಡರು.

ಲತಾಮಣಿಗೆ ಆಗ ಇಪ್ಪತ್ತೆಂಟು. ಸ್ಟೇಷನ್ ರಸ್ತೆಯ ನರ್ಸಿಂಗ್ ಹೋಮೊಂದರಲ್ಲಿ ಸ್ಟಾಫ್ ನರ್ಸು. ಅಪ್ಪ ಗಂಗಯ್ಯ, ಅವ್ವ ದ್ಯಾವಮ್ಮ ಬೇಲೂರು ಸೀಮೆಯ ಗೆಂಡೆಹಳ್ಳಿ ಬಿಟ್ಟು ಬಂದು, ಅರಸೀಕೆರೆಯ ಮಂಡಿಗಳಲ್ಲಿ ಕಾಯಿ ಸುಲಿದು ಮಗಳನ್ನು ಓದಿಸಿದವರು. ಗಂಗಯ್ಯ ಈಗಿಲ್ಲ. ಬಾಡಿಗೆ ಮನೆಯ ಗೋಡೆಯ ಮೇಲೆ ಬುದ್ಧ, ಅಂಬೇಡ್ಕರ್, ಅವರಿಬ್ಬರ ಕೆಳಗೆ ಗಂಗಯ್ಯ ಇದ್ದಾರೆ.

ನಾಲ್ಕು ವರ್ಷದಿಂದ ದಿನಾ ಸಂಜೆ ಡ್ಯೂಟಿ ಮುಗಿದ ಮೇಲೆ ಲತಾಮಣಿ ಷಡಕ್ಷರಪ್ಪನವರ ಮನೆಗೆ ಹೋಗುತ್ತಿದ್ದಳು. ಗುರುಸಿದ್ದಮ್ಮನವರ ಗುಂಡಿಗೆ ದುರ್ಬಲವಾಗಿತ್ತು. ಬಿ.ಪಿ. ನೋಡಬೇಕು, ಕಾಲಿನ ಊತ ಒತ್ತಿ ನೋಡಬೇಕು, ಮಾರನೆಯ ದಿನದ ಮಾತ್ರೆ ತೆಗೆದು ಕೊಡಬೇಕು. ಕೆಲಸವೆಲ್ಲ ಪಡಸಾಲೆಯಲ್ಲೇ. ನಡುಮನೆಯ ಹೊಸ್ತಿಲನ್ನು ಅವಳು ದಾಟಿರಲಿಲ್ಲ. ದಾಟಬೇಡವೆಂದು ಯಾರೂ ಬಾಯಿಬಿಟ್ಟು ಹೇಳಿರಲೂ ಇಲ್ಲ. ಹೇಳಿಸಿಕೊಳ್ಳದೆ ಬದುಕುವುದು ಹೇಗೆಂದು ನಮ್ಮ ಊರುಗಳು ನಮ್ಮ ಮಕ್ಕಳಿಗೆ ನಡೆಯಲು ಕಲಿಸುವ ಮೊದಲೇ ಕಲಿಸಿರುತ್ತವೆ. ಅವಳ ಕಾಫಿಯ ಲೋಟ ಕಿಟಕಿಯ ಕಟ್ಟೆಯ ಮೇಲೆ ಬೇರೆ ಇರುತ್ತಿತ್ತು. ಕುಡಿದು, ತಾನೇ ತೊಳೆದು, ಅಲ್ಲೇ ಕವುಚಿಟ್ಟು ಬರುತ್ತಿದ್ದಳು. ಇದೆಲ್ಲ ಏಕೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಒಂದು ಮಾತನ್ನು ಹಿಡಿದುಕೊಂಡಿದ್ದಳು.

ಮೊದಲ ದಿನ ನಾಡಿ ನೋಡಲು ಕೈ ಚಾಚಿದವಳು ಅರ್ಧಕ್ಕೇ ನಿಂತಿದ್ದಳು. ಗುರುಸಿದ್ದಮ್ಮ ತಾವೇ ಮುಂಗೈಯನ್ನು ಅವಳ ಬೆರಳಿಗೆ ಒಡ್ಡಿ, "ಹಿಡ್ಕಳೇ, ಸುಮ್ನೆ ನೋಡ್ತಾ ನಿಂತ್ಕಂಡ್ರೆ ನಾಡಿ ತಾನಾಗಿ ಹೇಳ್ತೈತಾ? ಔಷಧಕ್ಕೆ ಮೈಲಿಗೆ ಇಲ್ಲ" ಅಂದಿದ್ದರು.

ಅಷ್ಟು ಸಾಕಾಗಿತ್ತು ಲತಾಮಣಿಗೆ. ಲೋಟ ಬೇರೆ ಇರಲಿ, ಹೊಸ್ತಿಲು ಇರಲಿ, ಒಂದು ಮುಂಗೈಯಗಲದ ಜಾಗ ಈ ಮನೆಯಲ್ಲಿ ತನ್ನದಾಗಿದೆ ಎಂದುಕೊಂಡಿದ್ದಳು.

ಹಿಂದಿನ ವರ್ಷ ಹಾಸನದ ಹೃದಯದ ಡಾಕ್ಟರಿಗೆ ತೋರಿಸಿಕೊಂಡು ಹಳೇಬೀಡಿನ ಮೇಲೆ ಕಾರಿನಲ್ಲಿ ಬರುವಾಗ ಗುರುಸಿದ್ದಮ್ಮ ಕೆರೆ ಏರಿಯ ಹತ್ತಿರ ನಿಲ್ಲಿಸಲು ಹೇಳಿದರು. ಇಳಿದು, ಲತಾಮಣಿಯ ಭುಜ ಹಿಡಿದು ನಿಂತರು.

"ಇದ್ಕೆ ದ್ವಾರಸಮುದ್ರ ಅಂತಿದ್ರಂತೆ ಕಣೇ ಆಗಿನ ಕಾಲ್ದಾಗೆ. ಎಂಥ ಸಮುದ್ರ? ಆಚೆ ದಡದಾಗೆ ಎಮ್ಮೆ ಮೈ ತೊಳೀತಾವ್ನಲ್ಲ, ಅವನ ಮೀಸೆ ಕಾಣ್ತೈತೆ ಇಲ್ಲಿಗೆ."

"ಅಷ್ಟು ದೂರ ಕಾಣುತ್ತಾ ಅಮ್ಮಾರೇ? ಮೊನ್ನೆ ಸೂಜಿಗೆ ದಾರ ಪೋಣಿಸಿಕೊಡು ಅಂದ್ರಿ."

"ಮೀಸೆ ಕಾಣ್ತೈತೆ, ದಾರ ಕಾಣಲ್ಲ. ಏನೀಗ?" ಎಂದು ನಕ್ಕರು. ನಕ್ಕು ಏದುಸಿರು ಬಂತು. ಉಸಿರು ತಹಬಂದಿಗೆ ಬಂದ ಮೇಲೆ, "ಆಚೆ ದಡಾನೇ ಕಾಣದಂಥ ನೀರು ಒಂದ್ಸಲ ನೋಡ್ಬೇಕು ಕಣೇ ಲತಾ. ಅರವತ್ತೊಂದಾಯ್ತು, ಕಣಕಟ್ಟೆಲಿ ಹುಟ್ಟಿ ಅರಸೀಕೆರೆಗೆ ಬಂದೆ. ಎಲ್ಲಿ ನೋಡಿದ್ರೂ ತೆಂಗಿನ ಮರ, ಎಲ್ಲಿ ನೋಡಿದ್ರೂ ಬೇಲಿ" ಅಂದರು.

ಆ ನೀರು ತಾನಾಗಿಯೇ ಒದಗಿ ಬಂತು. ಮಗ ಶಶಿಕಿರಣನದು ಸಿಮೆಂಟಿನ ಡೀಲರ್‌ಷಿಪ್ಪು. ಹೆಚ್ಚು ಮಾರಿದ ಡೀಲರುಗಳನ್ನು ಕಂಪನಿಯವರು ಸಿಂಗಪುರಕ್ಕೆ, ಅಲ್ಲಿಂದ ಮೂರು ರಾತ್ರಿ ಹಡಗಿನಲ್ಲಿ ಸಮುದ್ರದ ಮೇಲೆ ಕರೆದೊಯ್ಯುತ್ತಿದ್ದರು. ಅವನು, ಹೆಂಡತಿ ಸಿಂಧು, ಜೊತೆಗೆ ಇನ್ನೊಬ್ಬರು ಹೋಗಬಹುದಿತ್ತು. ಷಡಕ್ಷರಪ್ಪನವರಿಗೆ ಕೊಬ್ಬರಿ ಹರಾಜು ಬಿಟ್ಟು ಕದಲುವ ಮನಸ್ಸಿರಲಿಲ್ಲ. ನರ್ಸಿಂಗ್ ಹೋಮಿನ ಡಾಕ್ಟರು, "ಮಾತ್ರೆ ಒಂದು ಹೊತ್ತೂ ತಪ್ಪಬಾರದು, ಹಾಗಿದ್ರೆ ಹೋಗಿಬನ್ನಿ" ಎಂದರು.

ಹೊರಡುವ ಹಿಂದಿನ ದಿನ ಲತಾಮಣಿ ಪಡಸಾಲೆಯಲ್ಲಿ ಚಾಪೆ ಹಾಕಿಕೊಂಡು ಕೂತು ಮಾತ್ರೆ ಕಟ್ಟಿದಳು. ಹೋಗುವುದು ಹತ್ತು ದಿನಕ್ಕಾದರೂ ಹದಿನೈದು ದಿನಕ್ಕೆ ಆಗುವಷ್ಟು ತರಿಸಿದ್ದಳು. ಹಡಗಲ್ಲವೇ, ಗಾಳಿಯೋ ಮಳೆಯೋ, ತಡವಾದರೆ ಸಮುದ್ರದ ಮಧ್ಯೆ ಮೆಡಿಕಲ್ ಸ್ಟೋರ್ ಎಲ್ಲಿ ಹುಡುಕುವುದು. ಬೆಳಗಿನ ಕವರಿನ ಮೇಲೆ ಹುಟ್ಟುವ ಸೂರ್ಯ, ಮಧ್ಯಾಹ್ನದ್ದಕ್ಕೆ ನೆತ್ತಿಯ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದಳು. ಗುರುಸಿದ್ದಮ್ಮನವರಿಗೆ ಇಂಗ್ಲಿಷ್ ಓದಲು ಬರದು. ವಾಂತಿಯ ಮಾತ್ರೆಗೆ ಬೇರೆಯದೇ ಕವರು, ಅದರ ಮೇಲೆ ಬಾಯಿ ತೆರೆದ ಒಂದು ಮುಖ.

"ಇದ್ಯಾರೇ, ನಮ್ಮೆಜಮಾನ್ರಾ?"

"ವಾಂತಿ ಮಾಡೋರು ಅಮ್ಮಾರೇ."

"ಮೂಗು ಅವರದ್ದೇ ಐತೆ." ಗುರುಸಿದ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಶಕ್ತಿ ಮಾತ್ರೆ ಜಾಸ್ತಿ ಹಾಕೇ. ಕೆಂಪೂ ಹಾಕು, ಹಳದೀನೂ ಹಾಕು."

"ದಿನಕ್ಕೊಂದೇ ಅದು. ವಿಟಮಿನ್ನು, ಕಡ್ಲೆಬೀಜ ಅಲ್ಲ."

"ಬಣ್ಣ ಚೆನ್ನಾಗೈತೆ ಕಣೇ. ಉಳಿದವು ಎಲ್ಲಾ ಬಿಳಿ, ವಿಧವೆಯರಂಗೆ."

"ಬಿಳಿ ಇರೋದಕ್ಕೇ ನಾನು ಹೇಳೋದು. ಗುಂಡಿಗೆ ಮಾತ್ರೆ, ನೀರು ಹೋಗೋ ಮಾತ್ರೆ, ವಾಂತಿ ಮಾತ್ರೆ, ಮೂರೂ ಇಷ್ಟಿಷ್ಟೇ, ಮೂರೂ ಬಿಳಿ. ಕವರಿಂದ ಕವರಿಗೆ ಬದಲಾಗಬಾರದು. ಶೀಟಿಂದ ಬಿಡಿಸಿ ಇಟ್ಕೊಳ್ಳಬೇಡಿ. ನುಂಗೋ ಹೊತ್ತಿಗೆ ಬಿಡಿಸಿ. ಕೇಳಿಸ್ತಾ? ಹಡಗಿನ ಡಾಕ್ಟರಿಗೆ ಶೀಟು ನೋಡಿದ್ರೆ ಗೊತ್ತಾಗುತ್ತೆ, ಬರೀ ಮಾತ್ರೆ ನೋಡಿದ್ರೆ ದೇವರಿಗೂ ಗೊತ್ತಾಗಲ್ಲ. ಕವರು ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೇಲಿ ಬೇಡ."

"ಆಯ್ತು ಕಣಮ್ಮ ತಾಯಿ, ಆಯ್ತು."

ಡಾಕ್ಟರ ಕೈಯಲ್ಲಿ ಮಾತ್ರೆಗಳ ಹೆಸರೆಲ್ಲ ಇಂಗ್ಲಿಷಿನಲ್ಲಿ ಬರೆಸಿ ಸೀಲು ಹಾಕಿಸಿದ್ದ ಚೀಟಿಯನ್ನು ಕವರಿಗೆ ಪಿನ್ನು ಹೊಡೆದಳು. ಅದರದೇ ಜೆರಾಕ್ಸನ್ನು ಶಶಿಕಿರಣನಿಗೆ ಕೊಡಹೋದಳು. ಅವನು ಮೊಬೈಲಿನಿಂದ ತಲೆಯೆತ್ತದೆ, "ಒಂದು ಇದೆಯಲ್ಲಮ್ಮ, ಸಾಕು. ನಾವೇನು ಹಡಗು ಹತ್ತೋಕೆ ಹೋಗ್ತಿದೀವೋ, ಆಸ್ಪತ್ರೆ ಸೇರೋಕೋ?" ಎಂದ.

ಲತಾಮಣಿ ಹೊರಡುವಾಗ ಗುರುಸಿದ್ದಮ್ಮ ಕವರುಗಳನ್ನು ಮಡಿಲಲ್ಲಿಟ್ಟುಕೊಂಡು, "ನಿಂಗೇನು ತರಲೇ?" ಎಂದು ಕೇಳಿದರು.

"ಏನೂ ಬೇಡ. ಮಾತ್ರೆ ತಪ್ಪಿಸದೆ ಬನ್ನಿ."

ಹೊರಟ ಐದನೆಯ ದಿನ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಅಡಿಗೆಯ ಚಲುವಮ್ಮ ನರ್ಸಿಂಗ್ ಹೋಮಿಗೆ ಓಡಿ ಬಂದಳು. "ಹಡಗ್ನಿಂದ ಫೋನು ಕಣವ್ವ, ಯಜಮಾನ್ರು ಕರೀತಾವ್ರೆ, ಬಾ ಬಾ." ಲತಾಮಣಿ ಚಪ್ಪಲಿ ಹಾಕಿಕೊಳ್ಳದೆ ಓಡಿದಳು. ಪಡಸಾಲೆ ದಾಟಿ ಹೊಸ್ತಿಲ ಹತ್ತಿರ ಅವಳ ಕಾಲು ತಾನಾಗಿ ನಿಂತಿತು. ಫೋನಿದ್ದದ್ದು ನಡುಮನೆಯ ಗೋಡೆಗೆ. ಷಡಕ್ಷರಪ್ಪ ರಿಸೀವರು ಕಿವಿಗಿಟ್ಟು ನಿಂತಿದ್ದರು. ಮಧ್ಯೆ ಐದು ಹೆಜ್ಜೆ.

"ಬಂದ್ಲು, ಬಂದ್ಲು. ಹೇಳಮ್ಮ ಸಿಂಧು." ಇವಳ ಕಡೆ ತಿರುಗಿದರು. "ನಿನ್ನೆಯಿಂದ ವಾಂತಿಯಂತೆ. ಒಂದೇ ಸಮ. ಎದ್ದು ಕೂರೋಕಾಗ್ತಿಲ್ವಂತೆ."

"ವಾಂತಿ ಮಾತ್ರೆ ಕೊಟ್ಟರಾ? ಮುಖ ಬರ್ದಿರೋ ಕವರು."

"ಮುಖದ ಕವರಂತೆ... ಏನು? ಕವರೇ ಇಲ್ವಂತೆ. ಎಲ್ಲಾ ಬೆಳ್ಳಿ ಡಬ್ಬೀಲವಂತೆ."

"ಶೀಟು?"

"ಶೀಟೂ ಇಲ್ವಂತೆ. ಬಿಡಿಸಿಬಿಟ್ಟವ್ರಂತೆ ಇಲ್ಲೇ."

ಲತಾಮಣಿಗೆ ಅರ್ಥವಾಗಲಿಲ್ಲ. ಯಾಕೆ ಬಿಡಿಸಿದರು ಎಂದು ಕೇಳುವ ಹೊತ್ತೂ ಅದಾಗಿರಲಿಲ್ಲ. "ವಾಂತಿ ಮಾತ್ರೆ ಅಂತ ಎಷ್ಟು ನುಂಗಿದಾರೆ ಕೇಳಿ."

"ಆರೋ ಏಳೋ ಅಂತಾಳೆ. ನಿನ್ನೆಯಿಂದ. ಇನ್ನೊಂದೇನೋ ಹೇಳ್ತಾವ್ಳೆ... ಕಣ್ಣಿಗೆಲ್ಲಾ ಹಳದಿ ಕಾಣ್ತೈತಂತೆ. ಗೋಡೆ, ಹಾಸಿಗೆ, ಸಮುದ್ರ, ಎಲ್ಲಾ ಹಳದಿ ಅಂತಾಳಂತೆ."

ಲತಾಮಣಿಯ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು. ವಾಂತಿಯ ಮಾತ್ರೆ ಎಂದುಕೊಂಡು ನುಂಗಿದ್ದು ಗುಂಡಿಗೆಯ ಮಾತ್ರೆ. ಅದು ಮೈಯಲ್ಲಿ ಹೆಚ್ಚಾದರೆ ವಾಂತಿಯಾಗುತ್ತದೆ, ಕಣ್ಣಿಗೆ ಹಳದಿ ಕಟ್ಟುತ್ತದೆ. ವಾಂತಿಯಾದಷ್ಟೂ ಇನ್ನೊಂದು ನುಂಗಿದ್ದಾರೆ. ಮೂರನೆಯ ವರ್ಷದ ಪರೀಕ್ಷೆಯಲ್ಲಿ ಬರೆದಿದ್ದ ಉತ್ತರ ಅದು.

"ಯಜಮಾನ್ರೇ, ಫೋನು ನನ್ನ ಕೈಗೆ ಕೊಡಿ. ಹಡಗಿನ ಡಾಕ್ಟರ ಹತ್ರ ನಾನೇ ಮಾತಾಡ್ತೀನಿ."

ಷಡಕ್ಷರಪ್ಪ ರಿಸೀವರನ್ನು ನೋಡಿದರು, ಹೊಸ್ತಿಲನ್ನು ನೋಡಿದರು, ಇವಳನ್ನು ನೋಡಿದರು. ಕೆಟ್ಟ ಮನುಷ್ಯನಲ್ಲ. ಬಸವ ಜಯಂತಿಯ ದಿನ ಊರಿಗೆಲ್ಲ ಮಜ್ಜಿಗೆ ಹಂಚುವವರು. "ನೀನು ಅಲ್ಲಿಂದ್ಲೇ ಹೇಳಮ್ಮ, ನಾನು ಹೇಳ್ತೀನಿ" ಅಂದರು.

"ಗುಂಡಿಗೆ ಮಾತ್ರೆ ಜಾಸ್ತಿ ಆಗಿದೆ ಅಂತ ಹೇಳಿ. ಅದರ ಹೆಸರು ಹೇಳ್ತೀನಿ, ಬರ್ಕೊಳ್ಳೋಕೆ ಹೇಳಿ."

"ಸಿಂಧು, ಪೆನ್ನು ತಗೋಳಮ್ಮ. ಪೆನ್ನು. ಅಲ್ಲೇ ಯಾರನ್ನಾದ್ರೂ ಕೇಳು... ಹಲೋ? ಹಲೋ?"

ಫೋನು ಕಟ್ಟಾಗಿತ್ತು.

ಹಡಗಿಗೆ ಇಲ್ಲಿಂದ ಫೋನು ಮಾಡುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಶಶಿಕಿರಣನ ಮೊಬೈಲು ಸಮುದ್ರ ಹೊಕ್ಕಾಗಿನಿಂದ ಸತ್ತಿತ್ತು. ಕಂಪನಿಯ ಬೆಂಗಳೂರು ಆಫೀಸಿಗೆ ಮಾಡಿದರೆ, ತಿಳಿಸ್ತೀವಿ ಸಾರ್ ಎಂದರು. ಲತಾಮಣಿ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ಮಾತ್ರೆಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು, ಹೊಸ್ತಿಲ ಈಚೆ ಕೂತಳು. ಮತ್ತೆ ಫೋನು ಬಂದರೆ ಒಂದು ಉಸಿರಿಗೆ ಹೇಳಿಬಿಡಬೇಕು. ಅಕ್ಷರ ಅಕ್ಷರವಾಗಿ ಬಾಯಲ್ಲೇ ಹೇಳಿಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಆ ಸಲ ಮಾತಾಡಿದ್ದು ಶಶಿಕಿರಣ. ಹೆಸರು ಬೇಕಾಗಿರಲಿಲ್ಲ.

ದೇಹ ಊರು ಮುಟ್ಟಲು ಆರು ದಿನ ಹಿಡಿಯಿತು. ಕಣಕಟ್ಟೆಯ ತೋಟದಲ್ಲಿ ಸಮಾಧಿಗೆ ಗುಂಡಿ ತೆಗೆಸಿದ್ದರು. ಅವರಲ್ಲಿ ಕೂರಿಸಿ ಮಣ್ಣು ಮಾಡುವ ಪದ್ಧತಿ. ಅದಕ್ಕೆಂದೇ ಒಳಗೆ ಗೂಡು ಕೊರೆಸಿ, ಹಣೆಗೆ ವಿಭೂತಿ, ಕೈಗೆ ಲಿಂಗ ಎಲ್ಲ ಸಿದ್ಧವಿತ್ತು. ಆದರೆ ಕೆಡದಂತೆ ಔಷಧ ತುಂಬಿಸಿಕೊಂಡು ಪರದೇಶದ ಪೆಟ್ಟಿಗೆಯಲ್ಲಿ ಆರು ದಿನ ಮಲಗಿ ಬಂದ ಮೈ ಬಗ್ಗಲಿಲ್ಲ. ಸ್ವಾಮಿಗಳು ಒಮ್ಮೆ ನೋಡಿ, ಆಗಲಿ, ಮಲಗಿಸಿಯೇ ಬಿಡಿ ಎಂದರು. ಗುಂಡಿಯನ್ನು ಉದ್ದಕ್ಕೆ ಅಗೆಯಬೇಕಾಯಿತು. ಅಗೆಯುವಷ್ಟು ಹೊತ್ತು ಗುರುಸಿದ್ದಮ್ಮ ತೆಂಗಿನ ಮರಗಳ ಕೆಳಗೆ, ಬೇಲಿಯ ಪಕ್ಕ, ಕಾದರು.

ಬಸ್ಸಿನಲ್ಲಿ ಹೋಗಿದ್ದ ಲತಾಮಣಿ ಬೇಲಿಯ ಹೊರಗೆ ನಿಂತಿದ್ದಳು. ಮುಖ ನೋಡಲು ಸಾಲು ನಿಂತಿದ್ದವರೊಳಗೆ ಅವಳು ಸೇರಲಿಲ್ಲ. ಚಲುವಮ್ಮ ಅವಳನ್ನು ಕಂಡು ಈಚೆ ಬಂದು ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಯಾಕೆ ಬಿಡಿಸಿದ್ರು ಚಲುವಕ್ಕ? ಅಷ್ಟು ಹೇಳಿದ್ದೆ."

ಚಲುವಮ್ಮ ಇವಳ ಮುಖವನ್ನೇ ನೋಡಿದಳು. "ನಿಂಗೆ ನಿಜ್ವಾಗ್ಲೂ ಗೊತ್ತಿರ್ಲಿಲ್ವೇನೇ?"

"ಏನು?"

"ದಿನಾ ನೀ ಹೋದ್ಮೇಲೆ ಶೀಟೆಲ್ಲಾ ಒದ್ದೆ ಬಟ್ಟೇಲಿ ಒರೆಸಿ, ವಿಭೂತಿ ಮುಟ್ಟಿಸಿ ಒಳಗೆ ತಗೊಂಡೋಗೋರು. ಆಮೇಲೆ ತಾವೂ ಕೈಕಾಲು ತೊಳ್ಕೊಳ್ಳೋರು. ಈ ಸಲ ಶೀಟು ಬಾಳ ಇದ್ವು. ಹಡಗ್ನಾಗೆ ದಿನಾ ಎಲ್ಲಿ ಒರೆಸಾನ, ಪೂಜೆ ಪೆಟ್ಟಿಗೆ ಪಕ್ಕನೇ ಇಡಬೇಕಲ್ಲ ಅಂತ ಒಂದೇ ಸಲಕ್ಕೆ ಬಿಡಿಸಿಬುಟ್ರು."

ಗುಂಡಿಯ ಹತ್ತಿರ ಯಾರೋ ಶಂಖ ಊದಿದರು.

"ನನ್ನ ಬೈತಿದ್ರಾ?"

"ಅಯ್ಯೋ, ಬೈಯೋದೆಲ್ಲಿ ಬಂತು? ಒರೆಸ್ತಾ ಒರೆಸ್ತಾನೇ ನಿನ್ನ ಹೊಗಳೋರು. ಬಂಗಾರದಂಥ ಹುಡ್ಗಿ ಕಣೇ ಚಲುವಿ, ನನ್ನ ಹೊಟ್ಟೇಲಿ ಹುಟ್ಟಬೇಕಾಗಿತ್ತು ಅನ್ನೋರು. ಅಂದ್ಕೊಂಡು ಒರೆಸೋರು."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಎದುರು ಮಾತು ಇದೆ. ಓದಿಕೊಂಡವಳು, ಅವಳಿಗೆ ಹತ್ತು ಮಾತು ಬರುತ್ತಿದ್ದವು. ಒರೆಸುತ್ತ ಹೊಗಳಿದವರಿಗೆ, ಅದರಲ್ಲೂ ಸತ್ತುಹೋದವರಿಗೆ, ಏನು ಹೇಳುವುದು? ನಾಲ್ಕು ವರ್ಷ, ದಿನಕ್ಕೊಂದು ಸಲ, ಮಳೆಗಾಲ ಚಳಿಗಾಲವೆನ್ನದೆ ಅವಳು ಹಿಡಿದ ಮುಂಗೈಯನ್ನು ಅವಳು ಬೀದಿಯ ತಿರುವು ದಾಟುವುದರೊಳಗೆ ತೊಳೆಯಲಾಗಿತ್ತು. ಲತಾಮಣಿ ಬೇಲಿಯ ಕಂಬಿ ಹಿಡಿದು ಅತ್ತಳು. ಯಾರಿಗಾಗಿ ಅಳುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ. ಅಮ್ಮಾರಿಗಾಗಿ ಅಳುವುದೆಂದರೆ ತನಗೆ ಅವಮಾನ. ತನಗಾಗಿ ಅಳುವುದೆಂದರೆ, ಅಲ್ಲಿ ಉದ್ದಕ್ಕೆ ಮಲಗಿರುವವರನ್ನು ಬಿಟ್ಟುಕೊಟ್ಟ ಹಾಗೆ.

ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿದ ಮಾರನೆಯ ಬೆಳಿಗ್ಗೆ ಸಿಂಧು ಲತಾಮಣಿಯ ಮನೆಗೆ ಒಬ್ಬಳೇ ಬಂದಳು. ಇಪ್ಪತ್ತನಾಲ್ಕರ ಹುಡುಗಿ, ಬೇಲೂರಿನವಳು, ಬೆಂಗಳೂರಿನಲ್ಲಿ ಬಿ.ಕಾಂ. ಓದಿದವಳು. ದ್ಯಾವಮ್ಮ ಹಿಂದುಮುಂದು ನೋಡುತ್ತಲೇ ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದು, ನೆಲದ ಮೇಲೇ ಕೂತುಬಿಟ್ಟಳು.

"ಬಿಡಿಸಿದ್ದು ನಾನೇ ಲತಕ್ಕ. ಅತ್ತೆ ಕೂರಿಸಿಕೊಂಡು ಬಿಡಿಸು ಅಂದ್ರು. ಮೂರು ಬಟ್ಟಲಿನ ಡಬ್ಬಿ ಅದು. ಬೆಳಿಗ್ಗೇದು ಒಂದರಲ್ಲಿ, ಮಧ್ಯಾಹ್ನದ್ದು ಒಂದರಲ್ಲಿ, ರಾತ್ರಿದು ಒಂದರಲ್ಲಿ ಅಂತ ಸರಿಯಾಗೇ ಹಾಕಿದ್ದೆ. ವಾಂತಿದನ್ನ ಮೂಲೇಲಿ ಪೇಪರಲ್ಲಿ ಕಟ್ಟಿಟ್ಟಿದ್ದೆ. ಹಡಗು ಅಲ್ಲಾಡಿದಾಗ ಡಬ್ಬಿ ಟೇಬಲಿಂದ ಉರುಳಿಬಿಡ್ತು. ಎಲ್ಲಾ ಮಿಕ್ಸ್ ಆಗೋಯ್ತು. ಕೆಂಪು ಹಳದಿ ಬಿಟ್ರೆ ಒಂದೂ ಗೊತ್ತಾಗ್ಲಿಲ್ಲ. ಅಲ್ಲಿ ಡಾಕ್ಟರ್ ಕೇಳ್ತಾನೇ ಇದ್ರು, ವಾಟ್ ಈಸ್ ದಿಸ್, ವಾಟ್ ಈಸ್ ದಿಸ್ ಅಂತ. ನಾನು ವಿಟಮಿನ್ ಮಾತ್ರ ತೋರ್ಸಿ, ದಿಸ್ ಈಸ್ ವಿಟಮಿನ್ ಅಂದೆ."

"ಸಮುದ್ರ ನೋಡಿದ್ರಾ?" ಲತಾಮಣಿ ಕೇಳಿದಳು.

"ಮೊದಲ್ನೇ ಸಂಜೆ ನೋಡಿದ್ರು. ರೇಲಿಂಗ್ ಹಿಡ್ಕೊಂಡು ತುಂಬಾ ಹೊತ್ತು ನಿಂತಿದ್ರು. ಮಾರನೇ ದಿನ ಎಲ್ಲಾ ಹಳದಿಯಾಗೋಯ್ತು ಅಂದ್ರು. ಕೊನೇಲಿ ನಿಮ್ಮ ಹೆಸರೇ ಹೇಳ್ತಿದ್ರು. ಲತಾ ಇದ್ದಿದ್ರೆ ಮುಟ್ಟಿ ಹೇಳೋಳು ಯಾವುದು ಯಾವುದು ಅಂತ."

ಮುಟ್ಟಿ ಹೇಳೋಳು. ದ್ಯಾವಮ್ಮ ಒಳಗೆ ಎದ್ದು ಹೋದಳು.

ಸಿಂಧು ಬಂದದ್ದು ಇನ್ನೊಂದು ಮಾತಿಗೆ. ತಿಥಿಗೆ ಬಂದ ನೆಂಟರೆಲ್ಲ ಸೊಸೆಯೇ ತಪ್ಪು ಮಾತ್ರೆ ನುಂಗಿಸಿ ಕೊಂದಳೆಂದು ಮಾತಾಡುತ್ತಿದ್ದರು. ಗಂಡ ಸರಿಯಾಗಿ ಮುಖ ಕೊಡುತ್ತಿರಲಿಲ್ಲ. ಬೇಲೂರಿಗೆ ಕಳಿಸಿಬಿಡುವ ಮಾತೂ ಎದ್ದಿತ್ತು. "ಮಾವ ನಿಮ್ಮ ಹತ್ರ ಒಂದು ಲೆಟರ್ ಕೇಳ್ತಾರೆ ಲತಕ್ಕ. ನೀವೇ ಬಿಡಿಸಿ ಕೊಟ್ಟಿದ್ದು, ಹೆಸರು ಹಾಕಿರ್ಲಿಲ್ಲ ಅಂತ. ನೆಂಟರ ಮುಂದೆ ಅತ್ತೆ ಬಿಡಿಸು ಅಂದಿದ್ದು ಹೇಳೋಕೆ ನಂಗೆ ಬಾಯಿ ಬರಲ್ಲ. ದಯವಿಟ್ಟು." ಅವಳ ಕೈ ಲತಾಮಣಿಯ ಕೈಯನ್ನು ಹಿಡಿದಿತ್ತು. ಅದು ನಾಟಕವಾಗಿರಲಿಲ್ಲ.

ಸಿಂಧು ಹೋದ ಮೇಲೆ ದ್ಯಾವಮ್ಮ ಒಲೆಯ ಮುಂದಿನಿಂದಲೇ ಮಾತಾಡಿದಳು. "ಬರ್ದು ಬಿಸಾಕು ಮಗಾ."

"ಏನಂತ ಬರೀಲವ್ವ? ನಾನು ಕೊಂದೆ ಅಂತ್ಲಾ?"

"ನಮ್ಗೇನು ಹೊಸ್ದಾ? ನಿಮ್ಮಪ್ಪ ಮಂಡೀಲಿ ಚೀಲ ಕಳೆದೋದ್ದಕ್ಕೆ ಕದೀದೆನೇ ಹೆಬ್ಬೆಟ್ಟು ಒತ್ತಿ ಬಂದ. ಒತ್ತಿದ್ದಕ್ಕೆ ಕೆಲ್ಸ ಉಳೀತು. ಕೆಲ್ಸ ಉಳಿದಿದ್ದಕ್ಕೆ ನೀನು ನರ್ಸಾದೆ. ಆಸ್ಪತ್ರೆ ಕಟ್ಟಡನೂ ಅವರ್ದೇ ಅಲ್ವಾ? ಬ್ಯಾಡ ಅಂದ್ರೆ ನಾಳೆ ಎಲ್ಲೋಗ್ತೀಯಾ?"

"ಅಪ್ಪ ಆಮೇಲೆ ಹೆಂಗಿದ್ದ?"

ದ್ಯಾವಮ್ಮ ಒಲೆಗೆ ಒಂದು ಸೌದೆ ನೂಕಿದಳು. "ಕುಡೀತಿದ್ದ" ಎಂದಳು. "ಅದ್ಕೂ ಮುಂಚೆ ಕುಡೀತಿರ್ಲಿಲ್ಲ." ಆಮೇಲೆ, "ನಂಗೇನೂ ಗೊತ್ತಾಗಲ್ಲ ಕಣವ್ವ. ನಿನ್ನ ಹೊಟ್ಟೆ ತಣ್ಣಗಿರ್ಲಿ ಅಂತ ಅಂದೆ" ಎಂದಳು.

ಮಧ್ಯಾಹ್ನ ಡಾಕ್ಟರು ಲತಾಮಣಿಯನ್ನು ತಮ್ಮ ರೂಮಿಗೆ ಕರೆಸಿದರು. ಷಡಕ್ಷರಪ್ಪ ಕೂತಿದ್ದರು. ಹನ್ನೆರಡು ದಿನದಲ್ಲಿ ಹತ್ತು ವರ್ಷ ಮುದುಕರಾಗಿದ್ದರು. ಗಡ್ಡ ಬಿಟ್ಟು, ಅಂಗಿಯ ಗುಂಡಿ ಅದಲುಬದಲಾಗಿ ಹಾಕಿಕೊಂಡು ಬಂದಿದ್ದರು. ಮೇಜಿನ ಮೇಲೆ ಟೈಪ್ ಮಾಡಿದ ಹಾಳೆ. ಮಾತ್ರೆಗಳನ್ನು ಶೀಟಿನಿಂದ ಬಿಡಿಸಿ, ಹೆಸರು ಬರೆಯದೆ, ಒಟ್ಟಿಗೆ ಕೊಟ್ಟಿದ್ದೆನೆಂದೂ, ಅದು ತನ್ನ ಅಜಾಗರೂಕತೆಯೆಂದೂ, ಕ್ಷಮಿಸಬೇಕೆಂದೂ ಅದರಲ್ಲಿತ್ತು.

"ಪೊಲೀಸು ಗಿಲೀಸು ಏನೂ ಇಲ್ಲ ಕಣಮ್ಮ" ಷಡಕ್ಷರಪ್ಪ ಅಂದರು. "ನಾಲ್ಕು ಜನ ನೆಂಟರಿಗೆ ತೋರಿಸಿ ಹರಿದಾಕ್ತೀನಿ. ಆ ಹುಡುಗಿ ಸಂಸಾರ ಉಳೀಲಿ."

"ನಾನು ಹೆಸರು ಬರ್ದಿದ್ದು ನಿಮಗೂ ಗೊತ್ತು ಯಜಮಾನ್ರೇ. ನಿಮ್ಮ ಮೂಗಿಟ್ಟು ಚಿತ್ರ ಬರ್ದಿದೀನಿ ಅಂತ ಅಮ್ಮಾರು ನಿಮಗೆ ತೋರಿಸಿ ನಗಲಿಲ್ವಾ?"

ಅವರ ಮುಖ ಕಿವುಚಿಕೊಂಡಿತು. ಟವೆಲಿನಿಂದ ಕಣ್ಣು ಒತ್ತಿಕೊಂಡರು. "ತೋರಿಸಿದ್ಲು."

"ಮತ್ತೆ?"

"ಮತ್ತೇನು ಹೇಳ್ಲಿ? ಮಡಿ ಮಾಡಕ್ಕೋಗಿ ಸತ್ಲು ಅಂತ ಹೇಳ್ಲಾ? ಮೂವತ್ತೆಂಟು ವರ್ಷ ಸಂಸಾರ ಮಾಡಿದೀನಿ. ಸತ್ತೋಳನ್ನ ಊರೆಲ್ಲ ಆಡ್ಕಂಡು ನಗ್ಲಾ?"

"ಆ ದಿನ ಫೋನು ಯಾಕೆ ಕೊಡ್ಲಿಲ್ಲ ನನ್ನ ಕೈಗೆ?"

ಡಾಕ್ಟರು ಪೇಪರ್‌ವೇಟನ್ನು ಒಂದು ಸುತ್ತು ತಿರುಗಿಸಿದರು.

"ತೋಚಲಿಲ್ಲ" ಎಂದರು ಷಡಕ್ಷರಪ್ಪ.

"ನಂಗೂ ತೋಚಲಿಲ್ಲ. ಐದು ಹೆಜ್ಜೆ ಇಟ್ಟು ಬಂದು ನಿಮ್ಮ ಕೈಯಿಂದ ಫೋನು ಕಿತ್ಕೊಂಡಿದ್ರೆ ಆ ಹೆಸರು ಅಲ್ಲಿಗೆ ಮುಟ್ಟೋದು. ಮುಟ್ಟಿದ್ರೆ ಉಳೀತಿದ್ರೋ ಏನೋ. ನರ್ಸು ನಾನು. ಪೇಷೆಂಟು ಸಾಯ್ತಿದ್ರೆ ಹೊಸ್ತಿಲು ನೋಡ್ಕೊಂಡು ನಿಂತೆ. ಅದು ನನ್ನ ತಪ್ಪು. ಅದನ್ನ ಬೇಕಾದ್ರೆ ಈಗಲೇ, ನನ್ನ ಕೈಯಾರೆ ಬರ್ಕೊಡ್ತೀನಿ."

"ಅದನ್ನ ಯಾರಿಗಮ್ಮ ತೋರಿಸ್ಲಿ ನಾನು?"

"ಅದನ್ನೇ ತೋರಿಸ್ಬೇಕು ಯಜಮಾನ್ರೇ. ಸಿಂಧು ಸಂಸಾರ ಅದರಲ್ಲೂ ಉಳಿಯುತ್ತೆ. ಅವಳು ಅತ್ತೆ ಹೇಳಿದ್ದು ಮಾಡಿದ್ಲು ಅಂತ ನೀವು ಒಂದು ಮಾತು ಬಾಯಿಬಿಟ್ಟು ಹೇಳಿದ್ರೆ ಯಾರ ಕಾಗದವೂ ಬೇಡ."

ಷಡಕ್ಷರಪ್ಪ ತಲೆ ಅಲ್ಲಾಡಿಸಿದರು. ಹೌದೆಂದೋ ಆಗದೆಂದೋ ಹೇಳಲು ಬರುವಂತಿರಲಿಲ್ಲ. ಎದ್ದು ನಿಂತು, ಹಾಳೆಯನ್ನು ಡಾಕ್ಟರ ಕಡೆಗೆ ತಳ್ಳಿ, "ನೀವೇ ಹೇಳಿ ಡಾಕ್ಟ್ರೇ, ನನ್ನ ಕೈಲಾಗಲ್ಲ" ಎಂದು ಬಾಗಿಲ ಹೊರಗಿನ ಬೆಂಚಿನ ಮೇಲೆ ಹೋಗಿ ಕೂತರು. ಅವರ ಬೆನ್ನು ಕಾಣುತ್ತಿತ್ತು. ಬೆನ್ನು ಅಳುತ್ತಿತ್ತು.

ಲತಾಮಣಿಗೆ ಅವರ ಹತ್ತಿರ ಹೋಗಿ ಭುಜ ಮುಟ್ಟಬೇಕೆನ್ನಿಸಿತು. ನಾಲ್ಕು ವರ್ಷ ದಿನಾ ಕಂಡ ಮುಖ. ಒಂದೇ ಹೆಂಗಸಿಗಾಗಿ ಇಬ್ಬರೂ ಅಳುತ್ತಿದ್ದರು, ಇಬ್ಬರೂ ಆ ದಿನ ಒಂದೇ ಹೊಸ್ತಿಲಿನ ಎರಡು ಕಡೆ ನಿಂತಿದ್ದವರು. ಮುಟ್ಟಿದರೆ ಮನೆಗೆ ಹೋಗಿ ಅವರೂ ತೊಳೆದುಕೊಳ್ಳುತ್ತಾರೇನೋ ಎಂದು ಯೋಚನೆ ಬಂತು. ಆ ಯೋಚನೆ ಇನ್ನು ಮುಂದೆ ಯಾರ ನಾಡಿ ಹಿಡಿಯುವಾಗಲೂ ಬರುತ್ತದೆಂದು ಅವಳಿಗೆ ಆ ಗಳಿಗೆಯಲ್ಲಿ ತಿಳಿಯಿತು. ಇದ್ದ ಜಾಗದಲ್ಲೇ ನಿಂತಳು.

ಡಾಕ್ಟರು ದನಿ ತಗ್ಗಿಸಿದರು. "ನೋಡಮ್ಮ, ನಂಗೂ ಗೊತ್ತು ನಿಂದೇನೂ ತಪ್ಪಿಲ್ಲ ಅಂತ. ಚೀಟಿ ಬರ್ದೋನು ನಾನೇ. ಆದ್ರೆ ಕಟ್ಟಡ ಅವರದು, ನಾಳೆ ಖಾಲಿ ಮಾಡಿ ಅಂದ್ರೆ ಇಪ್ಪತ್ತು ಹಾಸಿಗೆ ಎಲ್ಲಿಗೆ ಹೊರಲಿ? ಒಂದು ಸೈನ್ ತಾನೆ. ಯಾರೂ ನಿನ್ನ ಸರ್ಟಿಫಿಕೇಟು ಕಿತ್ಕೊಳ್ಳಲ್ಲ. ಹಾಕ್ಬಿಟ್ಟು ಡ್ಯೂಟಿಗೆ ಹೋಗು. ಮೂರನೇ ಬೆಡ್ಡಿನೋರಿಗೆ ಡ್ರಿಪ್ ಮುಗೀತಾ ಬಂತು."

ಪೆನ್ನಿನ ಕ್ಯಾಪು ತೆಗೆದು, ನಿಬ್ಬಿನ ಕಡೆಯನ್ನು ತಮ್ಮತ್ತ ತಿರುಗಿಸಿ, ಹಿಡಿಯನ್ನು ಅವಳತ್ತ ಚಾಚಿದರು.

"ಡ್ರಿಪ್ ಬದಲಾಯಿಸ್ತೀನಿ ಸರ್" ಎಂದಳು ಲತಾಮಣಿ. "ಸೈನ್ ಹಾಕಲ್ಲ."